ಸ್ಟೆಂಟ್ ಹಾಕಿಸಿಕೊಂಡ ಅಪ್ಪ ಯೋಗ ಮಾಡಬಹುದೇ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಅರಸೀಕೆರೆ ಕಡೆ ತೆಂಗಿನ ತೋಟ ಇದೆ. ಎರಡು ತಿಂಗಳ ಹಿಂದೆ ಹೃದಯಾಘಾತವಾಗಿ, ಕೈಯ ಮಣಿಕಟ್ಟಿನಿಂದ ಆಂಜಿಯೋಪ್ಲಾಸ್ಟಿ ಮಾಡಿ ಒಂದು ಸ್ಟೆಂಟ್ ಹಾಕಿದರು. ಎಕೋದಲ್ಲಿ ಪಂಪಿಂಗ್ 48% ಎಂದು ಬಂದಿದೆ. ದಿನಕ್ಕೆ ಆರು ಮಾತ್ರೆ. ಎದೆನೋವು ಮತ್ತೆ ಬಂದಿಲ್ಲ. ಡಾಕ್ಟರು ‘ಓಡಾಡಿಕೊಂಡಿರಿ’ ಎಂದರೂ ಅಪ್ಪ ಹಗಲೆಲ್ಲ ಮಲಗಿಯೇ ಇರುತ್ತಾರೆ. ಅಮ್ಮ ಒಂದು ಬಿಂದಿಗೆ ನೀರು ಎತ್ತಲೂ ಬಿಡುವುದಿಲ್ಲ. ಆಸ್ಪತ್ರೆಯಲ್ಲಿ ಬಿಟ್ಟಿದ್ದ ಬೀಡಿ ಈಗ ಕದ್ದು ಮುಚ್ಚಿ ಮತ್ತೆ ಶುರುವಾಗಿದೆ. ಪಕ್ಕದ ಮನೆಯವರು ದಿನಾ ಬೆಳಿಗ್ಗೆ ಹದಿನೈದು ನಿಮಿಷ ಕಪಾಲಭಾತಿ ಮಾಡಿದರೆ ಬ್ಲಾಕ್ ತೆರೆದುಕೊಳ್ಳುತ್ತದೆ, ಮೂರು ತಿಂಗಳಲ್ಲಿ ಮಾತ್ರೆ ಬಿಡಬಹುದು ಅನ್ನುತ್ತಾರೆ. ಇದು ನಿಜವೇ? ಅಪ್ಪ ಯಾವ ಯೋಗ ಮಾಡಬಹುದು? — ಓದುಗರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ತಂದೆಯವರು ಯೋಗ ಮಾಡಬಹುದು, ಮಾಡಲೇಬೇಕು ಎಂದು ನಾನು ಹೇಳುತ್ತೇನೆ. ಕಪಾಲಭಾತಿ ಬೇಡ. ಮಾತ್ರೆ ಬಿಡುವ ಮಾತು ಖಂಡಿತ ಬೇಡ. ಈ ಮೂರಕ್ಕೂ ಕಾರಣ ತಿಳಿದುಕೊಂಡರೆ ಪಕ್ಕದ ಮನೆಯವರಿಗೂ ನೀವೇ ಸಮಾಧಾನವಾಗಿ ಉತ್ತರ ಹೇಳಬಹುದು.

ಮೊದಲು ಮಾತ್ರೆಯ ವಿಷಯ, ಏಕೆಂದರೆ ಜೀವಕ್ಕೆ ಅಪಾಯವಿರುವುದು ಅಲ್ಲೇ. ಸ್ಟೆಂಟ್ ಎಂದರೆ ಲೋಹದ ಸಣ್ಣ ಜಾಲರಿ. ಅದರ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚಿಕೊಳ್ಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಆ ಬರಿಯ ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಆಸ್ಪಿರಿನ್ ಮತ್ತು ಅದರ ಜೊತೆಗೆ ಕೊಡುವ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್. ಹೃದಯಾಘಾತದ ನಂತರ ಈ ಜೋಡಿ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಹುಷಾರಾದೆ ಎಂದುಕೊಂಡು ನಡುವೆ ಬಿಟ್ಟರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಿ ಇದ್ದಕ್ಕಿದ್ದಂತೆ ಪೂರ್ತಿ ಮುಚ್ಚಿಹೋಗಬಹುದು. ಅದು ಮೊದಲ ಹೃದಯಾಘಾತಕ್ಕಿಂತ ಭೀಕರ. ಯಾವ ಆಸನವೂ ಯಾವ ಪ್ರಾಣಾಯಾಮವೂ ಈ ಕೆಲಸ ಮಾಡುವುದಿಲ್ಲ. ಕೊಲೆಸ್ಟರಾಲ್ ಮಾತ್ರೆಯೂ ಅಷ್ಟೇ. ರಿಪೋರ್ಟಿನಲ್ಲಿ ಕೊಲೆಸ್ಟರಾಲ್ ನಾರ್ಮಲ್ ಬಂದಿದ್ದರೆ ಅದು ಮಾತ್ರೆ ಕೆಲಸ ಮಾಡುತ್ತಿರುವ ಗುರುತು, ಬಿಡಬಹುದು ಎಂಬ ಸೂಚನೆಯಲ್ಲ. ಯೋಗದಿಂದ ಬಿಪಿ ಸರಾಸರಿ ನಾಲ್ಕೈದು ಅಂಕ ಇಳಿಯುವುದುಂಟು. ಹಾಗಾಗಿ ಕೆಲವರಿಗೆ ಬಿಪಿ ಮಾತ್ರೆಯ ಪ್ರಮಾಣವನ್ನು ಮುಂದೆ ಡಾಕ್ಟರೇ ಕಡಿಮೆ ಮಾಡಬಹುದು. ಅದನ್ನು ಮನೆಯಲ್ಲಿ ತೀರ್ಮಾನಿಸಬೇಡಿ.

ಬ್ಲಾಕ್ ತೆರೆದುಕೊಳ್ಳುತ್ತದೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. 1990ರಲ್ಲಿ ಅಮೆರಿಕದ ಡಾ. ಡೀನ್ ಆರ್ನಿಶ್ ಎಂಬುವರು ಒಂದು ಅಧ್ಯಯನ ಪ್ರಕಟಿಸಿದರು. ಅವರು ಸ್ವಾಮಿ ಸಚ್ಚಿದಾನಂದರ ಬಳಿ ಯೋಗ ಕಲಿತವರು. ಅವರ ರೋಗಿಗಳು ಒಂದು ವರ್ಷ ಪೂರ್ತಿ ಸಸ್ಯಾಹಾರ, ಅದೂ ಒಟ್ಟು ಕ್ಯಾಲೊರಿಯಲ್ಲಿ ಕೊಬ್ಬು ನೂರಕ್ಕೆ ಹತ್ತರಷ್ಟೇ ಇರುವ ಊಟ ಮಾಡಿದರು, ಧೂಮಪಾನ ಬಿಟ್ಟರು, ವ್ಯಾಯಾಮ ಮಾಡಿದರು, ವಾರವಾರ ಒಟ್ಟಿಗೆ ಕೂತು ಮಾತಾಡಿದರು, ದಿನವೂ ಆಸನ, ಉಸಿರಾಟ, ಧ್ಯಾನ ಮಾಡಿದರು. ಆಂಜಿಯೋಗ್ರಾಂನಲ್ಲಿ ಅವರ ರಕ್ತನಾಳಗಳ ಕಿರಿದಾಗುವಿಕೆ ಸರಾಸರಿ 40%ನಿಂದ 37.8%ಗೆ ಇಳಿದಿತ್ತು. ಏರಬೇಕಾದ ಕಾಯಿಲೆ ಒಂದಿಷ್ಟು ಇಳಿಯಿತು ಎನ್ನುವುದು ವೈದ್ಯಲೋಕಕ್ಕೆ ದೊಡ್ಡ ಸುದ್ದಿಯೇ ಆಗಿತ್ತು. ಆದರೆ ನೋಡಿ, ಅಷ್ಟೆಲ್ಲ ಶಿಸ್ತು ಒಟ್ಟುಗೂಡಿ ತಂದದ್ದು ಎರಡು ಅಂಕದ ಇಳಿಕೆ. ಆ ಪಟ್ಟಿಯಲ್ಲಿ ಬೀಡಿ ಬಿಡುವುದಿತ್ತು, ಕಪಾಲಭಾತಿಯೊಂದರಿಂದಲೇ ನಡೆದ ಪವಾಡ ಇರಲಿಲ್ಲ.

ಹಾಗಾದರೆ ಯೋಗದಿಂದ ಸಿಗುವುದೇನು? ನಮ್ಮ ದೇಶದಲ್ಲೇ ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದೆ. 2014ರಿಂದ 2018ರ ನಡುವೆ ದೇಶದ 24 ಆಸ್ಪತ್ರೆಗಳಲ್ಲಿ, ಆಗಷ್ಟೇ ಹೃದಯಾಘಾತವಾಗಿದ್ದ 3,959 ಜನರನ್ನು ಸೇರಿಸಿಕೊಂಡು ‘ಯೋಗ-ಕೇರ್’ ಎಂಬ ಪ್ರಯೋಗ ನಡೆಯಿತು. ಡಾ. ದೊರೈರಾಜ್ ಪ್ರಭಾಕರನ್ ಅದರ ಮುಂದಾಳು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ ಮತ್ತು ತಿಳಿವಳಿಕೆ. ಉಳಿದರ್ಧಕ್ಕೆ ಅದರ ಜೊತೆಗೆ ಮೂರು ತಿಂಗಳಲ್ಲಿ 13 ಯೋಗ ತರಗತಿ, ಆಮೇಲೆ ಮನೆಯಲ್ಲಿ ಅಭ್ಯಾಸ. ಫಲಿತಾಂಶ 2020ರಲ್ಲಿ ಬಂತು. ಸಾವು, ಮತ್ತೊಂದು ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ತೊಂದರೆಗಳು ಯೋಗದ ಗುಂಪಿನಲ್ಲಿ 6.7%, ಇನ್ನೊಂದರಲ್ಲಿ 7.4%. ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು, ಆದ್ದರಿಂದ ಯೋಗ ಜೀವ ಉಳಿಸಿತು ಎಂದು ಆ ಪ್ರಯೋಗದ ಬಲದ ಮೇಲೆ ಹೇಳಲಾಗದು. ಆದರೆ ಯೋಗ ಕಲಿತವರು ಹೃದಯಾಘಾತಕ್ಕೆ ಮೊದಲು ಮಾಡುತ್ತಿದ್ದ ಕೆಲಸಗಳಿಗೆ ಹೆಚ್ಚಿನ ಸಂಖ್ಯೆಯಲ್ಲಿ ಮರಳಿದರು, ‘ನನ್ನ ಆರೋಗ್ಯ ಹೇಗಿದೆ’ ಎಂದು ತಾವೇ ಕೊಟ್ಟುಕೊಂಡ ಅಂಕವೂ ಅವರಲ್ಲಿ ಹೆಚ್ಚಿತ್ತು. ಅದೂ ಸುರಕ್ಷಿತವಾಗಿ.

ನಿಮ್ಮ ಮನೆಯ ಸ್ಥಿತಿಗೆ ಇದಕ್ಕಿಂತ ಹತ್ತಿರದ ಫಲಿತಾಂಶ ಬೇರೆ ಇಲ್ಲ. ನಿಮ್ಮ ಪತ್ರದ ಪ್ರಕಾರ ತಂದೆಯವರ ಹೃದಯ ಚೇತರಿಸಿಕೊಳ್ಳುತ್ತಿದೆ. ಪಂಪಿಂಗ್ ಎಂದರೆ ಹೃದಯ ಒಂದು ಬಡಿತಕ್ಕೆ ತನ್ನೊಳಗೆ ತುಂಬಿದ ರಕ್ತದಲ್ಲಿ ಹೊರದಬ್ಬುವ ಪಾಲು. 48% ಎಂದರೆ ಸ್ವಲ್ಪ ಕಡಿಮೆ ಅಷ್ಟೇ, ಆರೋಗ್ಯವಂತರಲ್ಲೂ ಅದು ಸಾಮಾನ್ಯವಾಗಿ 55%ರಿಂದ ಮೇಲಿರುತ್ತದೆಯೇ ಹೊರತು ನೂರು ಇರುವುದಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿ. ‘ಅರ್ಧ ಹಾರ್ಟ್ ಹೋಗಿದೆ’ ಎಂದು ನಂಬಿ ಕುಗ್ಗಿಹೋದ ಎಷ್ಟೋ ಜನರನ್ನು ಕಂಡಿದ್ದೇನೆ. ನಿಮ್ಮ ತಂದೆಯವರನ್ನು ಮಲಗಿಸಿರುವುದೂ ಹೆದರಿಕೆಯೇ. 2025ರ ಜೂನ್, ಜುಲೈನಲ್ಲಿ ನಿಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಟಿವಿಯಲ್ಲಿ ಬಂದಾಗ ಏನೂ ಆಗದವರೂ ಗಾಬರಿಯಿಂದ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ನಿಜವಾಗಿ ಅದನ್ನು ಅನುಭವಿಸಿ ಬಂದವರ ಮನಸ್ಸು ಹೇಗಿದ್ದೀತು, ಯೋಚಿಸಿ. ಎದೆಯಲ್ಲಿ ಒಂದು ಸಣ್ಣ ಚುಳುಕು ಬಂದರೂ ‘ಮತ್ತೆ ಬಂತು’ ಅನ್ನಿಸುತ್ತದೆ. ಕೈ ಎತ್ತಲು, ಬಗ್ಗಲು, ಏದುಸಿರು ಬಿಡಲು ಭಯ. ಅಮ್ಮನವರು ಪ್ರೀತಿಯಿಂದಲೇ ಬಿಂದಿಗೆ ಕಿತ್ತುಕೊಂಡಾಗ ಆ ಭಯಕ್ಕೆ ಮುದ್ರೆ ಬೀಳುತ್ತದೆ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಸೊರಗಿದ ಮೇಲೆ ನಾಲ್ಕು ಹೆಜ್ಜೆಗೇ ಸುಸ್ತು, ಆ ಸುಸ್ತನ್ನು ಹೃದಯದ ದೋಷ ಎಂದುಕೊಂಡು ಮತ್ತೆ ಮಲಗುತ್ತಾರೆ. ಇದನ್ನು ಮುರಿಯಲು ನಿಧಾನವಾಗಿ, ಕಣ್ಣೆದುರೇ, ಉಸಿರಿನ ಜೊತೆ ಮೈ ಕದಲಿಸುವ ಯೋಗದಷ್ಟು ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಉಸಿರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಯೋಗದ ನಿಜವಾದ ಶಕ್ತಿ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿ: ಉಸಿರು ಒಳಗೆ ಹೋಗುವಾಗ ನಾಡಿ ತುಸು ಬೇಗ, ಹೊರಗೆ ಬರುವಾಗ ತುಸು ನಿಧಾನ. ಹೊರಹೋಗುವ ಉಸಿರಿನ ಹೊತ್ತಿನಲ್ಲಿ ವೇಗಸ್ ಎಂಬ ನರ ಹೃದಯವನ್ನು ಸಮಾಧಾನಪಡಿಸುತ್ತದೆ. ಕತ್ತಿನ ರಕ್ತನಾಳಗಳಲ್ಲಿ ರಕ್ತದ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಏರಿದರೆ ಹೃದಯವನ್ನು ನಿಧಾನಿಸಲು, ಇಳಿದರೆ ಚುರುಕಾಗಿಸಲು ಅವು ಸುದ್ದಿ ಮುಟ್ಟಿಸುತ್ತವೆ. ಹೃದಯಾಘಾತದ ನಂತರ ಈ ವ್ಯವಸ್ಥೆ ಮಂಕಾಗಿರುತ್ತದೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು ಆರಕ್ಕೆ ಇಳಿಸಿದಾಗ ಉಸಿರಿನ ಲಯವೂ ರಕ್ತದೊತ್ತಡದ ಸಹಜ ಏರಿಳಿತದ ಲಯವೂ ಒಂದಕ್ಕೊಂದು ಕೂಡಿಕೊಂಡು ಆ ವ್ಯವಸ್ಥೆ ಚುರುಕಾಗುತ್ತದೆ. ಇಟಲಿಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಒಂದು ಸ್ವಾರಸ್ಯದ ಸಂಗತಿ ತೋರಿಸಿದರು. ಕ್ರೈಸ್ತರ ಜಪಮಾಲೆ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿದರೂ, ‘ಓಂ ಮಣಿ ಪದ್ಮೇ ಹೂಂ’ ಮಂತ್ರ ಹೇಳಿದರೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ. ಆದ್ದರಿಂದ ತಂದೆಯವರಿಗೆ ಪ್ರಾಣಾಯಾಮ ಎಂದರೆ ಬೇಸರವಾದರೆ ಓಂಕಾರ ಹೇಳಲಿ, ಬಾಯಿಪಾಠವಿರುವ ಯಾವುದಾದರೂ ಸ್ತೋತ್ರವನ್ನೋ ವಚನವನ್ನೋ ಎಳೆದು ನಿಧಾನವಾಗಿ ಹೇಳಲಿ. ಕೆಲಸ ನಡೆಯುತ್ತದೆ.

ಕಪಾಲಭಾತಿ ಬೇಡ ಎಂದದ್ದು ಇದೇ ಕಾರಣಕ್ಕೆ. ಅದರಲ್ಲಿ ಹೊಟ್ಟೆಯನ್ನು ಒಳಕ್ಕೆ ಝಾಡಿಸಿ ಉಸಿರನ್ನು ರಭಸದಿಂದ ಹೊರದಬ್ಬುತ್ತಾರೆ. ಮಾಡುವ ಹೊತ್ತಿನಲ್ಲಿ ನಾಡಿ, ಬಿಪಿ ಎರಡೂ ಏರುತ್ತವೆ. ಗಟ್ಟಿಮುಟ್ಟಾದ ತರುಣರಿಗೆ ಅದು ಹುರುಪು ಕೊಡಬಹುದು. ಗಾಯ ಮಾಗುತ್ತಿರುವ ಹೃದಯಕ್ಕೆ ಆ ರಭಸದ ಅಗತ್ಯವಿಲ್ಲ. ಹೃದ್ರೋಗಿಗಳಿಗೆ ಇದು ವರ್ಜ್ಯ ಎಂದು ಯೋಗಶಾಲೆಗಳೇ ಕಲಿಸುತ್ತವೆ. ಭಸ್ತ್ರಿಕಾ, ಉಡ್ಡಿಯಾನ, ನೌಲಿ, ಉಸಿರು ಬಿಗಿಹಿಡಿಯುವ ಕುಂಭಕ, ಶೀರ್ಷಾಸನ, ಸರ್ವಾಂಗಾಸನ, ಹಲಾಸನ, ಮಯೂರಾಸನ, ಬಿರುಸಿನ ಸೂರ್ಯನಮಸ್ಕಾರ ಇವೂ ಸದ್ಯಕ್ಕೆ ಬೇಡ. ಇದರಿಂದ ಯೋಗ ಅರ್ಧಂಬರ್ಧವಾಯಿತು ಎಂದು ಅವರು ನೊಂದುಕೊಳ್ಳದಿರಲಿ. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಹುಡುಗರಿಗೆ ಬಿರುಸಾದ ಆಸನಗಳನ್ನು ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರೇ ಮುಂದೆ ಮದ್ರಾಸಿನಲ್ಲಿ ಕಾಯಿಲೆಯವರಿಗೆ ಒಬ್ಬೊಬ್ಬರ ವಯಸ್ಸು, ಶಕ್ತಿ ನೋಡಿ ಬೇರೆ ಬೇರೆಯಾಗಿ ಹೇಳಿಕೊಟ್ಟರು. ಅವರ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ದಿಂಬು, ಹಗ್ಗ, ಕಂಬಳಿಗಳ ಆಸರೆಯಿಂದ ಆಸನ ಮಾಡಿಸುವ ಪದ್ಧತಿಯನ್ನೇ ಕಟ್ಟಿದರು. ಕುರ್ಚಿಯ ಮೇಲೆ ಮಾಡುವ ಯೋಗಕ್ಕೂ ಒಳ್ಳೆಯ ಪರಂಪರೆ ಇದೆ.

ಈಗ ಮಾಡುವ ಕ್ರಮ. ಮೊದಲು ನಿಮ್ಮ ಹೃದ್ರೋಗ ತಜ್ಞರಿಗೆ ‘ಯೋಗ ಶುರುಮಾಡುತ್ತಿದ್ದೇವೆ’ ಎಂದು ತಿಳಿಸಿ ಒಪ್ಪಿಗೆ ಪಡೆಯಿರಿ. ಸಮತಟ್ಟಾದ ನೆಲದಲ್ಲಿ ಹತ್ತು ಹದಿನೈದು ನಿಮಿಷ ನಡೆದರೆ ಎದೆ ಬಿಗಿಯಬಾರದು, ಮಲಗಿದಾಗ ಉಸಿರು ಕಟ್ಟಬಾರದು, ಕಾಲು ಊದಿರಬಾರದು. ಇಷ್ಟು ಸರಿಯಿದ್ದರೆ ಶುರುಮಾಡಬಹುದು. ಚಳಿಗಾಲದಲ್ಲಿ ನಸುಕಿಗೇ ಎಬ್ಬಿಸಬೇಡಿ. ಬೆಳಗಿನ ಜಾವದ ಹೊತ್ತು, ಅದರಲ್ಲೂ ಚಳಿಯಲ್ಲಿ, ಹೃದಯದ ಮೇಲೆ ಒತ್ತಡ ಸಹಜವಾಗಿಯೇ ಹೆಚ್ಚು. ಬಿಸಿಲು ಬಿದ್ದ ಮೇಲೆ, ತಿಂಡಿಗೆ ಮೊದಲು ಅಥವಾ ತಿಂಡಿಯಾಗಿ ಎರಡು ಗಂಟೆ ಬಿಟ್ಟು ಮಾಡಲಿ. ಶುಗರ್ ಮಾತ್ರೆ ತಗೊಳ್ಳುವವರಾದರೆ ಖಾಲಿ ಹೊಟ್ಟೆಯಲ್ಲಿ ಬೇಡ.

ಜಾರುವ ಪ್ಲಾಸ್ಟಿಕ್ ಕುರ್ಚಿ ಬೇಡ. ಬೆನ್ನಿರುವ ಮರದ ಕುರ್ಚಿಯನ್ನು ಗೋಡೆಗೆ ಒತ್ತರಿಸಿ ಇಡಿ. ಪಾದಗಳು ನೆಲಕ್ಕೆ ಪೂರ್ತಿ ಊರಿರಲಿ. ಮೊದಲು ಪಾದದ ಗಂಟು, ಮಂಡಿ, ಮಣಿಕಟ್ಟು, ಭುಜಗಳನ್ನು ಒಂದೊಂದಾಗಿ ಸಡಿಲಿಸುವುದು. ಆಮೇಲೆ ಉಸಿರು ತೆಗೆದುಕೊಳ್ಳುತ್ತ ಎರಡೂ ಕೈ ಮುಂದಕ್ಕೆ ಭುಜದ ಮಟ್ಟಕ್ಕೆ ಎತ್ತುವುದು, ಉಸಿರು ಬಿಡುತ್ತ ಇಳಿಸುವುದು, ಐದು ಸಲ. ಮೊದಲ ವಾರ ಭುಜದ ಮಟ್ಟ ಸಾಕು, ಎರಡನೆಯ ವಾರ ತಲೆಯ ಮೇಲಕ್ಕೆ. ಇಲ್ಲಿ ಹತ್ತಿರ ನಿಂತು ಒಂದು ವಿಷಯ ಗಮನಿಸಿ. ಹೆದರಿದವರು ಕೈ ಎತ್ತುವಾಗ ಗೊತ್ತಿಲ್ಲದೆ ಉಸಿರು ಹಿಡಿದುಬಿಡುತ್ತಾರೆ: ದವಡೆ ಬಿಗಿಯುತ್ತದೆ, ಕತ್ತಿನ ನರ ಉಬ್ಬುತ್ತದೆ, ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ. ಉಸಿರು ಕಟ್ಟಿದಾಗ ಎದೆಯೊಳಗಿನ ಒತ್ತಡ ಏರಿ ಬಿಪಿ ಹೊಯ್ದಾಡುತ್ತದೆ. ‘ಉಸಿರು ಹಿಡೀಬೇಡಿ’ ಎಂದು ಹತ್ತು ಸಲ ಹೇಳಿದರೂ ಪ್ರಯೋಜನವಾಗದು. ಕೈ ಇಳಿಸುವಾಗ ‘ಒಂದು, ಎರಡು, ಮೂರು, ನಾಲ್ಕು’ ಎಂದು ಜೋರಾಗಿ ಎಣಿಸಲು ಹೇಳಿ. ಬಾಯಿಬಿಟ್ಟು ಎಣಿಸುವವರಿಗೆ ಉಸಿರು ಕಟ್ಟಲು ಆಗುವುದೇ ಇಲ್ಲ.

ಮೂರನೆಯ ವಾರದಿಂದ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲುವ ತಾಡಾಸನ, ಅಕ್ಕಪಕ್ಕಕ್ಕೆ ತುಸುವೇ ಬಾಗುವ ಅರ್ಧಕಟಿ ಚಕ್ರಾಸನ ಸೇರಿಸಿ. ಮುಂದೆ ಬಾಗಿ ನೆಲ ಮುಟ್ಟುವುದು ಬೇಡ. ಬಿಪಿ ಮಾತ್ರೆ ತಗೊಳ್ಳುವವರಿಗೆ ತಲೆ ಎತ್ತುವಾಗ ಕಣ್ಣು ಕತ್ತಲಿಡುತ್ತದೆ. ಆಮೇಲೆ ಕುಳಿತು ನಾಡಿಶುದ್ಧಿ, ಅಂದರೆ ಒಂದೊಂದೇ ಮೂಗಿನ ಹೊಳ್ಳೆಯಿಂದ ಬದಲಿಸಿ ಉಸಿರಾಡುವುದು, ಕುಂಭಕವಿಲ್ಲದೆ. ಮೊದಲು ಮೂರು ಎಣಿಕೆ ಒಳಗೆ, ನಾಲ್ಕು ಹೊರಗೆ. ಸಲೀಸಾದ ಮೇಲೆ ನಾಲ್ಕು ಸೆಕೆಂಡ್ ಒಳಗೆ, ಆರು ಹೊರಗೆ. ಆಗ ನಿಮಿಷಕ್ಕೆ ಸರಿಯಾಗಿ ಆರು ಉಸಿರು. ಐದು ನಿಮಿಷ ಸಾಕು. ಕೊನೆಗೆ ಐದು ಸಲ ಭ್ರಾಮರಿ. ಆ ಗುಂಯ್ ಎನ್ನುವ ನಾದ ಉಸಿರನ್ನು ತಾನಾಗಿ ಉದ್ದ ಮಾಡುತ್ತದೆ. ಮಂಡಿಯ ಕೆಳಗೆ ದಿಂಬು ಇಟ್ಟು ಹತ್ತು ನಿಮಿಷ ಶವಾಸನ. ಏಳುವಾಗ ನೇರವಾಗಿ ಏಳದೆ ಬಲಕ್ಕೆ ಹೊರಳಿ, ಕೈಯೂರಿ ಕುಳಿತು, ಒಂದು ನಿಮಿಷ ಬಿಟ್ಟು ನಿಲ್ಲಲಿ. ಎಲ್ಲ ಸೇರಿ ಅರ್ಧ ಗಂಟೆ ದಾಟುವುದು ಬೇಡ.

ನಾಡಿ ಎಣಿಸಿ ಮಿತಿ ಹಾಕಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅವರ ಆರು ಮಾತ್ರೆಯಲ್ಲಿ ಮೆಟೊಪ್ರೊಲಾಲ್ ಥರದ್ದೊಂದು ಇರುವ ಸಾಧ್ಯತೆ ಹೆಚ್ಚು. ಅದು ನಾಡಿಯನ್ನು ಏರಲು ಬಿಡುವುದಿಲ್ಲ, ಲೆಕ್ಕ ದಾರಿ ತಪ್ಪಿಸುತ್ತದೆ. ಮಾಡುತ್ತಿರುವಾಗ ಒಂದು ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಆಡಲು ಬಂದರೆ ಶ್ರಮ ಮಿತಿಯಲ್ಲಿದೆ. ಮಾತು ತುಂಡಾದರೆ ನಿಲ್ಲಿಸಿ ಕೂರಲಿ.

ಯೋಗ ಮಾಡಿದ್ದಾಯಿತು, ಇನ್ನು ನಡಿಗೆ ಬೇಡ ಎಂದುಕೊಳ್ಳಬೇಡಿ. ಈ ಮೃದು ಆಸನಗಳಲ್ಲಿ ಹೃದಯಕ್ಕೆ ಸಿಗುವ ವ್ಯಾಯಾಮ ಕಡಿಮೆ. ವಾರಕ್ಕೆ ಐದು ದಿನ ಅರ್ಧ ಗಂಟೆಯ ನಡಿಗೆಗೆ ನಿಧಾನವಾಗಿ ಏರಬೇಕು. ಅವರಿಗೆ ತೋಟವೇ ಇದೆಯಲ್ಲ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ನಡೆಯಲಿ. ಮಟ್ಟೆ ಹೊರುವುದು, ಪಿಕಾಸಿ ಹಿಡಿಯುವುದು ಡಾಕ್ಟರು ಹೇಳಿದ ಮೇಲೆ. ಅಮ್ಮನವರಿಗೂ ಹೇಳಿ, ಅರ್ಧ ಬಿಂದಿಗೆ ನೀರು ಎತ್ತಿದರೆ ಏನೂ ಆಗದು. ಸಾಧ್ಯವಾದರೆ ಅವರೂ ಪಕ್ಕದ ಕುರ್ಚಿಯಲ್ಲಿ ಕುಳಿತು ಜೊತೆಗೆ ಮಾಡಲಿ. ಗಂಡನ ಕೈ ಸಲೀಸಾಗಿ ಮೇಲೇಳುವುದನ್ನು ದಿನವೂ ನೋಡಿದರೆ ಅವರ ಭಯವೂ ಇಳಿಯುತ್ತದೆ.

ಬೀಡಿಯ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ಆದರೆ ಇಡೀ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಅದು. ದಿನಕ್ಕೆ ಒಂದೇ ಎಂದರೂ ಸ್ಟೆಂಟ್‌ಗೆ ಅದು ಶತ್ರು. ಬೈದು ಪ್ರಯೋಜನವಿಲ್ಲ, ಬೈದರೆ ತೋಟದ ಮೂಲೆಗೆ ಹೋಗಿ ಸೇದುತ್ತಾರೆ. ಇಲ್ಲಿ ಉಸಿರಾಟ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸೇದಬೇಕು ಎಂಬ ತಹತಹ ಒಮ್ಮೆಲೆ ಏರಿ, ಕೆಲವು ನಿಮಿಷದಲ್ಲಿ ತಾನೇ ಇಳಿಯುತ್ತದೆ. ಕಾಫಿ ಕುಡಿದ ಮೇಲೆ, ಊಟವಾದ ಮೇಲೆ, ತೋಟದ ಕೆಲಸದವರ ಜೊತೆ ಕೂತಾಗ, ಹೀಗೆ ಅವರಿಗೆ ತಹತಹ ಏಳುವ ಹೊತ್ತು ಯಾವುದೆಂದು ಅವರನ್ನೇ ಕೇಳಿ. ಆ ಹೊತ್ತಿಗೆ ಎದ್ದು ಹೋಗಿ ಕುರ್ಚಿಯಲ್ಲಿ ಕುಳಿತು ಐದು ನಿಮಿಷ ನಾಲ್ಕು-ಆರರ ಉಸಿರು ಎಣಿಸಲಿ. ಅಷ್ಟರಲ್ಲಿ ಅಲೆ ಇಳಿದಿರುತ್ತದೆ. ಇಷ್ಟಾದರೂ ಬಿಡಲಾಗದಿದ್ದರೆ ನಿಕೋಟಿನ್ ಚಟ ಬಿಡಿಸುವ ಔಷಧಿಗಳಿವೆ, ಡಾಕ್ಟರಲ್ಲಿ ಮುಚ್ಚಿಡದೆ ಹೇಳಿ.

ಇನ್ನೊಂದು ಮಾತು ಕೇಳಿ ನೋಡಿ: ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿದೆಯೇ, ಮೊದಲು ಇಷ್ಟವಾಗುತ್ತಿದ್ದುದರಲ್ಲಿ ಆಸಕ್ತಿ ಹೋಗಿದೆಯೇ? ಹೃದಯಾಘಾತದ ನಂತರ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಹಗಲೆಲ್ಲ ಮಲಗುವುದು ಅದರ ಲಕ್ಷಣವೂ ಇರಬಹುದು. ಯೋಗ ಅದಕ್ಕೆ ನೆರವಾಗುತ್ತದೆ, ನಿಮ್ಹಾನ್ಸ್‌ನಲ್ಲಿ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆಯ ಜೊತೆಗೇ ಯೋಗವನ್ನು ಬಳಸುತ್ತಾರೆ. ಆದರೆ ಹೌದು ಎಂಬ ಉತ್ತರ ಬಂದರೆ ಡಾಕ್ಟರಿಗೆ ತಿಳಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಮೊಬೈಲ್ ವಿಡಿಯೊ ನೋಡಿ ಕಲಿಯುವುದಕ್ಕಿಂತ ಒಂದಷ್ಟು ದಿನ ಎದುರಿಗೆ ಕಲಿಯುವುದು ಒಳ್ಳೆಯದು. ಉಜಿರೆ ಮತ್ತು ಮೈಸೂರಿನ ಪ್ರಕೃತಿ ಚಿಕಿತ್ಸೆ ಕಾಲೇಜುಗಳಲ್ಲಿ ಓದಿದ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ವೈದ್ಯರು ಹಲವು ಊರುಗಳಲ್ಲಿದ್ದಾರೆ. ಬೆಂಗಳೂರು ಹತ್ತಿರದ ಜಿಗಣಿಯ ಯೋಗ ವಿಶ್ವವಿದ್ಯಾಲಯ ಎಸ್‌-ವ್ಯಾಸದಲ್ಲಿ ಉಳಿದುಕೊಂಡು ಕಲಿಯುವ ವ್ಯವಸ್ಥೆಯೂ ಇದೆ. ಯಾರ ಹತ್ತಿರ ಹೋದರೂ ಮೊದಲು ‘ಸ್ಟೆಂಟ್ ಹಾಕಿದೆ’ ಎಂದು ಹೇಳಿ, ಯಾವುದನ್ನು ಮಾಡಬಾರದು ಎಂದು ಕೇಳಿ. ಕೂಡಲೇ ಒಂದು ಪಟ್ಟಿ ಹೇಳುವವರಲ್ಲಿ ಕಲಿಯಿರಿ. ‘ಎಲ್ಲ ಮಾಡಬಹುದು, ಮಾತ್ರೆ ಬಿಡಿಸುತ್ತೇನೆ’ ಎನ್ನುವವರಿಂದ ಎದ್ದು ಬನ್ನಿ.

ಮಾಡುವಾಗ ಎದೆಯಲ್ಲಿ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಕೂರಿಸಿ. ನಾಲಿಗೆಯ ಕೆಳಗೆ ಇಡುವ ಮಾತ್ರೆ ಬರೆದುಕೊಟ್ಟಿದ್ದರೆ ಕೂತಿರುವಾಗಲೇ ಕೊಡಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಬೈಕಿನ ಹಿಂದೆ ಕೂರಿಸಿಕೊಂಡು ಹೊರಡಬೇಡಿ, ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಕಾಯಬೇಡಿ.

ಮುಂದಿನ ತಪಾಸಣೆಗೆ ಹೋಗುವಾಗ ಆರೂ ಮಾತ್ರೆಗಳ ಹಾಳೆ ಮತ್ತು ಮನೆಯಲ್ಲಿ ಬರೆದಿಟ್ಟ ಬಿಪಿ ಲೆಕ್ಕ ಜೊತೆಗಿರಲಿ. ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯವನ್ನು ನೋಡುವ ಟಿಎಂಟಿ ಪರೀಕ್ಷೆ ಯಾವಾಗ ಮಾಡಿಸಬಹುದು ಎಂದು ಕೇಳಿ. ಅದರಲ್ಲಿ ಅವರು ಎಷ್ಟು ಶ್ರಮ ತಡೆಯುತ್ತಾರೆ ಎಂದು ತಿಳಿದ ಮೇಲೆ ಯೋಗದಲ್ಲಿ ಇನ್ನೇನು ಸೇರಿಸಬಹುದು, ತೋಟದ ಕೆಲಸದಲ್ಲಿ ಯಾವುದಕ್ಕೆ ಕೈ ಹಾಕಬಹುದು ಎಂದು ನಿಖರವಾಗಿ ಹೇಳಬಹುದು. ಆ ರಿಪೋರ್ಟ್ ಬಂದಾಗ ಮತ್ತೆ ಬರೆಯಿರಿ.